ಬೂದಿ ಹಚ್ಚಿ ಬಿರುಕು ಹುಡುಕುವ ಕೊಟ್ರಪ್ಪ

ಪೆರಂಬೂರಿನ ಬೀದಿದೀಪಗಳು ಇನ್ನೂ ಆರಿಲ್ಲ. ಮೆಟ್ರೊ ಕಾಮಗಾರಿಯವರು ಅರ್ಧ ರಸ್ತೆಗೆ ತಗಡು ನಿಲ್ಲಿಸಿದ್ದಾರೆ. ಉಳಿದ ಅರ್ಧದಲ್ಲಿ ಹಾಲಿನ ಆಟೊ, ನೀರಿನ ಲಾರಿ ಮತ್ತು ಒಂದು ಹಸು ದಾರಿಗಾಗಿ ಕಾದಾಡುತ್ತಿವೆ. ತಗಡಿನ ಎದುರಿಗಿರುವ ಶೆಡ್ಡಿನ ಷಟರ್ ಸೊಂಟದ ಎತ್ತರಕ್ಕೆ ಎದ್ದಿದೆ. ಬಗ್ಗಿ ಒಳಗೆ ಹೋದರೆ ಮೊದಲು ಸೀಮೆಎಣ್ಣೆಯ ಘಾಟು ಬಡಿಯುತ್ತದೆ, ಅದರ ಬೆನ್ನಿಗೇ ದೇವರ ಕೋಣೆಯ ಗಂಧದ ಪರಿಮಳ. ಟ್ಯೂಬ್‌ಲೈಟಿನ ಕೆಳಗೆ ಕೊಟ್ರಪ್ಪ ಒಂದು ಬೈಕಿನ ಹಿಂಚಕ್ರದ ಅಚ್ಚನ್ನು ಬಟ್ಟೆಯಿಂದ ಒರೆಸುತ್ತಿದ್ದಾರೆ. ನಿಂತುಕೊಂಡೇ. ಶೆಡ್ಡಿನಲ್ಲಿ ಸ್ಟೂಲ್ ಇದೆ, ಅದರ ಮೇಲೆ ಕಾರ್ಬುರೇಟರ್ ಕೂತಿದೆ. ಚಹಾ ಬಂದರೆ ಅದನ್ನೂ ಅವರು ಗೋಡೆಯಿಂದ ಗೋಡೆಗೆ ಓಡಾಡುತ್ತಲೇ ಕುಡಿಯುತ್ತಾರೆ.

“ಸೂರ್ಯ ಬಂದ ಅಂದ್ರ ಈ ಶೀಟು ಕಾದ ಹಂಚು ಆಗ್ತತಿ. ಸೀಮೆಎಣ್ಣಿ ಆರಿ ಹೋಗ್ತತಿ. ಈ ಕೆಲಸ ತಂಪು ಹೊತ್ತಿನ್ಯಾಗ ಮುಗಸ್ಬೇಕು” ಎನ್ನುತ್ತಾರೆ. ಮಾತಾಡುವಾಗ ನಮ್ಮ ಮುಖ ನೋಡುವುದಿಲ್ಲ. ಅಚ್ಚಿನ ಮೇಲಿನ ಕಣ್ಣು ಅಚ್ಚಿನ ಮೇಲೇ.

ವಯಸ್ಸು ಐವತ್ತೆಂಟು. ಕೆಲಸ, ಹಳೆಯ ಮೋಟಾರ್‌ಸೈಕಲ್‌ಗಳಿಗೆ ಮತ್ತೆ ಜೀವ ಕೊಡುವುದು. ಚೆನ್ನೈಯಲ್ಲಿ ಈ ಕೆಲಸಕ್ಕೆ ಈಗ ಬೇಡಿಕೆ ಇದೆ. ‘ವಿಂಟೇಜ್’ ಎಂಬ ಪದ ಸೇರಿದರೆ ಗುಜರಿಗೂ ಗೌರವ ಬರುತ್ತದೆ. ವಾರಾಂತ್ಯದಲ್ಲಿ ಪೂರ್ವ ಕರಾವಳಿ ರಸ್ತೆಯಲ್ಲಿ ಹಳೆ ಬೈಕುಗಳ ಸಾಲು ಹೋಗುತ್ತದೆ, ಫೋಟೊ ಬರುತ್ತದೆ. ಫೋಟೊದಲ್ಲಿ ಮಾಲೀಕ ಇರುತ್ತಾನೆ, ಹೊಳೆಯುವ ಟ್ಯಾಂಕ್ ಇರುತ್ತದೆ. ಆ ಗಾಡಿಯನ್ನು ತುಕ್ಕಿನಿಂದ ಎಬ್ಬಿಸಿದವರು ಪೆರಂಬೂರಿನ ತಗಡಿನ ಹಿಂದೆ ಇರುತ್ತಾರೆ. ಕೊಟ್ರಪ್ಪ ಇದಕ್ಕೆ ಬೇಸರ ಮಾಡಿಕೊಂಡವರಲ್ಲ. “ಫೋಟೋದಾಗ ನಾ ನಿಂತ್ರ ಗಾಡಿ ಕಾಣಂಗಿಲ್ಲ, ಹೊಟ್ಟಿ ಅಡ್ಡ ಬರ್ತತಿ.”

ಬಣ್ಣ ಹೊಡೆಯುವುದು ಪುದುಪೇಟೆಯ ಪೇಂಟರ್, ಕ್ರೋಮ್ ಮಾಡುವುದು ಬೇರೊಬ್ಬರು. ಉಳಿದದ್ದೆಲ್ಲ ಇವರದೇ. ಅದರಲ್ಲೂ ಒಂದು ಕೆಲಸಕ್ಕೆ ಬೇರೆ ಮೆಕ್ಯಾನಿಕ್‌ಗಳೂ ತಮ್ಮ ಭಾಗಗಳನ್ನು ಚೀಲದಲ್ಲಿ ಹಾಕಿಕೊಂಡು ಇಲ್ಲಿಗೇ ಬರುತ್ತಾರೆ. ಅದು ಬಿರುಕು ಹುಡುಕುವ ಕೆಲಸ. ಐವತ್ತು ಅರವತ್ತು ವರ್ಷ ರಸ್ತೆಗುಂಡಿ ಹಾರಿದ ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ. ಮೇಲೆ ಬಣ್ಣ ಬಿದ್ದರೆ ಅದು ಯಾವತ್ತಿಗೂ ಕಾಣುವುದಿಲ್ಲ. ರಸ್ತೆಯಲ್ಲಿ ತುಂಡಾದಾಗಲೇ ಗೊತ್ತಾಗುವುದು.

ಕೊಟ್ರಪ್ಪನವರ ವಿಧಾನ ಹೀಗೆ: ಭಾಗವನ್ನು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಾರೆ. ಬೆಳಿಗ್ಗೆ ತೆಗೆದು ಒರೆಸಿ ಒಣಗಿಸುತ್ತಾರೆ. ಮೇಲೆ ವಿಭೂತಿಯ ಪುಡಿಯನ್ನು ತೆಳ್ಳಗೆ ಉದುರಿಸುತ್ತಾರೆ. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಎಣ್ಣೆ ನಿಧಾನವಾಗಿ ಹೊರಗೆ ಬರುತ್ತದೆ, ಬಿಳಿ ಬೂದಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಅಷ್ಟೇ. ಯಂತ್ರವಿಲ್ಲ, ಮಂತ್ರವೂ ಇಲ್ಲ.

ಇದನ್ನು ಕಲಿಸಿದವರು ಇಲ್ಲಿನ ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಒಬ್ಬ ಆಂಗ್ಲೋ-ಇಂಡಿಯನ್ ಫಿಟರ್. ಅವರು ಬಳಸುತ್ತಿದ್ದದ್ದು ಸೀಮೆಸುಣ್ಣ. ಆ ಫಿಟರ್ ಮನೆಯ ಹಿತ್ತಲಿನಲ್ಲಿ ಕೊಟ್ರಪ್ಪ ಸ್ಪ್ಯಾನರ್ ಹಿಡಿಯುವುದನ್ನು ಕಲಿಯುತ್ತಿದ್ದ ಕಾಲದಲ್ಲಿ ಒಂದು ಮಳೆಗಾಲ ಸುಣ್ಣದ ಪುಡಿ ತೇವ ಹಿಡಿದು ಮುದ್ದೆಯಾಯಿತು. ಮನೆಯಲ್ಲಿ ಅಪ್ಪನ ವಿಭೂತಿ ಗಟ್ಟಿ ಇತ್ತು, ಅದನ್ನೇ ಅರೆದು ಹಚ್ಚಿದರು. ಗೆರೆ ಸುಣ್ಣಕ್ಕಿಂತ ಚೆನ್ನಾಗಿ ಬಂತು. “ಮುದುಕ ನೋಡಿ ನಕ್ಕ. ನಿಮ್ ಶಿವ ನಮ್ ರೈಲ್ವೇಗಿಂತ ಬೇಷಪ್ಪ ಅಂದ.”

ಅಪ್ಪ ಕೊಟ್ಟೂರಿನಿಂದ ಪೆರಂಬೂರಿಗೆ ಬಂದು ಮಂಡಕ್ಕಿ, ಮಿರ್ಚಿ ಕಡಲೆಯ ಅಂಗಡಿ ಇಟ್ಟವರು. ಮಂಡಕ್ಕಿಯನ್ನು ‘ಪೊರಿ’ ಎಂದು ಕರೆಯುವ ಊರಿನಲ್ಲಿ ಅದಕ್ಕೆ ಒಗ್ಗರಣೆ ಹಾಕಿ ಮಾರಿ ಬದುಕಿದರು. ವ್ಯಾಪಾರ ಒಂದಿಷ್ಟು ಕುದುರಿದಾಗ ಹಳೆಯ ಫಿಯಟ್ ಕಾರು ತಂದರು. ಮೊದಲ ಕಾರಿನ ಮಾತು ಬಂದರೆ ಕೊಟ್ರಪ್ಪನವರ ಮುಖ ಗಂಟಾಗುತ್ತದೆ. “ಡಿಕ್ಕ್ಯಾಗ ಮಂಡಕ್ಕಿ ಚೀಲ, ಹಿಂದಿನ ಸೀಟ್ನಾಗ ಮಂಡಕ್ಕಿ ಚೀಲ, ಮ್ಯಾಲೂ ಚೀಲ. ನಾನೂ ನಮ್ಮವ್ವನೂ ಹಿಂದ ನಡಕೊಂತ ಬರ್ತಿದ್ವಿ. ಮಂದಿ ಕೇಳೋರು, ಏನ್ರಿ ನಿಮ್ಮದಾ ಕಾರು ಅಂತ. ಹೌದ್ರೀ ನಮ್ಮದಾ ಅಂತಿದ್ವಿ, ನಡಕೊಂತಾನ.”

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಇವರಿಂದ ಆಗಲಿಲ್ಲ. ಅಪ್ಪ ಬೈದರು, ಹೊಡೆದರು, ಕೊನೆಗೆ ಅಂಗಡಿಯನ್ನು ತಮ್ಮನ ಮಗನಿಗೆ ಕೊಟ್ಟರು. ಮೂವತ್ತೈದು ವರ್ಷದಿಂದ ಇದೇ ಶೆಡ್ಡು. ಎರಡು ಪ್ರವಾಹ ನೋಡಿದೆ. ಒಂದರಲ್ಲಿ ಬಿಚ್ಚಿಟ್ಟ ನಾಲ್ಕು ಬೈಕುಗಳ ನಟ್ಟು ಬೋಲ್ಟುಗಳೆಲ್ಲ ಕೆಸರಿನಲ್ಲಿ ಒಂದಾಗಿ ಹೋದವು. ಯಾವುದು ಯಾವ ಗಾಡಿಯದ್ದೆಂದು ಬೇರ್ಪಡಿಸಲು ಒಂದು ಬೇಸಿಗೆ ಹಿಡಿಯಿತು. ಈಗ ಮೆಟ್ರೊ ತಗಡು. ಹಗಲಿಡೀ ಕೆಳಗೆ ಕೊರೆಯುತ್ತಾರೆ, ಕಪಾಟಿನ ಮೇಲಿನ ಸ್ಕ್ರೂಗಳು ತಾವಾಗಿಯೇ ಉರುಳಿ ಬೀಳುತ್ತವೆ.

ಇಲ್ಲಿಗೆ ಬರುವ ಗಿರಾಕಿಗಳು ಗಾಡಿಯ ಜೊತೆ ನೆನಪು ತರುತ್ತಾರೆ. ನೆನಪು ನಂಬಲರ್ಹ ವಸ್ತುವಲ್ಲ. ಅಪ್ಪನ ಸ್ಕೂಟರ್ ಹಸಿರು ಎನ್ನುತ್ತಾನೆ ಅಣ್ಣ, ನೀಲಿ ಎನ್ನುತ್ತಾನೆ ತಮ್ಮ. ಇಬ್ಬರೂ ಈ ಶೆಡ್ಡಿನಲ್ಲೇ ಕಿರುಚಾಡುತ್ತಾರೆ. ಕೊಟ್ರಪ್ಪ ಟೂಲ್‌ಬಾಕ್ಸಿನ ಒಳಗೋಡೆಯನ್ನು ಕೆರೆದು ತೋರಿಸುತ್ತಾರೆ, ಅಲ್ಲಿ ಕೆಂಪು ಇರುತ್ತದೆ. “ಆಗ ನೋಡ್ಬೇಕು ಅವರ ಮಾರಿ. ಅಪ್ಪನ್ನಾ ಬದಲಿ ಮಾಡೀನೇನೋ ಅನ್ನಂಗ ನನ್ನ ನೋಡ್ತಾರ.”

ಶೆಡ್ಡಿನ ಒಂದು ಮೂಲೆ ಮಾತ್ರ ಖಾಲಿಯಾಗಿದೆ, ಗುಡಿಸಿ ತೊಳೆದಿದೆ. ಭಾನುವಾರದ ಬೈಕ್ ಸವಾರಿಗಳನ್ನು ಏರ್ಪಡಿಸುವ ಗುಂಪಿನ ಮುಖಂಡ ರಮೇಶ್, ತನ್ನ ತಂದೆಯ ಮೊದಲ ಕಾರನ್ನು ಇವರಿಗೆ ಒಪ್ಪಿಸಲು ಮಾತು ಕೊಟ್ಟಿದ್ದಾನೆ. ಇಷ್ಟು ವರ್ಷ ಬೈಕುಗಳನ್ನೇ ಕೊಟ್ಟವರು ಕಾರು ಕೊಡುತ್ತಿರುವುದು ಇದೇ ಮೊದಲು. ಕೊಟ್ರಪ್ಪನವರ ಕೆಲಸದಲ್ಲಿ ಮುಕ್ಕಾಲು ಪಾಲು ಈ ಗುಂಪಿನಿಂದಲೇ ಬರುತ್ತದೆ. ದಿನಕ್ಕೆ ಹತ್ತಾರು ಸಲ ಅವರ ಕಣ್ಣು ಆ ಮೂಲೆಗೆ ಹೋಗಿ ಬರುತ್ತದೆಯಂತೆ. ಹಾಗೆಂದವರು ಅವರ ಹೆಂಡತಿ ಸರ್ವಮಂಗಳಾ.

ಸರ್ವಮಂಗಳಾ ಅವರಿಗೆ ಈ ಬೂದಿ ವಿದ್ಯೆಯ ಮೇಲೆ ಹಳೆಯ ತಕರಾರಿದೆ. ಮನೆ ಶೆಡ್ಡಿನ ಮೇಲೆಯೇ ಇದೆ, ಕಬ್ಬಿಣದ ಮೆಟ್ಟಿಲಿಳಿದು ಚಹಾ ತಂದವರು ಹೇಳುತ್ತಾರೆ: “ಹಣೀಗೆ ಹಚ್ಚೋದನ್ನ ಗ್ರೀಸಿಗೆ ಹಚ್ತಾರ. ಮದುವಿ ಆದ ಹೊಸದ್ರಾಗ ನಾ ಅತ್ತಿದ್ದೆ. ಈಗ ಎರಡು ಡಬ್ಬಿ ಮಾಡೀನಿ, ದೇವರದು ಒಂದು, ಇವರದು ಒಂದು. ಪ್ರತಿ ಸೋಮಾರ ಎರಡೂ ನಾನಾ ತುಂಬೋದು.”

ಪರೀಕ್ಷೆಯನ್ನು ಒಮ್ಮೆ ಮಾಡಿ ತೋರಿಸಿ ಎಂದಾಗ ಕೊಟ್ರಪ್ಪ ಕಪಾಟಿನ ಕೆಳಗಿಂದ ಒಂದು ತಗಡಿನ ಡಬ್ಬ ಎಳೆಯುತ್ತಾರೆ. ಅದರಲ್ಲಿ ಸೀಮೆಎಣ್ಣೆ, ಎಣ್ಣೆಯೊಳಗೆ ಗೇಣುದ್ದದ ಒಂದು ಅಚ್ಚಿನ ತುಂಡು. ಅದರ ಹೆಸರು ‘ಸಾಕ್ಷಿ’. ಫಿಟರ್ ಕೊಟ್ಟದ್ದು. ಅದರಲ್ಲಿ ಬಿರುಕಿದೆ ಎಂದು ಮೊದಲೇ ಗೊತ್ತು. ಹೊಸ ವಿಭೂತಿ ಬಂದಾಗಲೆಲ್ಲ ಮೊದಲು ಸಾಕ್ಷಿಯ ಮೇಲೆ ಹಚ್ಚಿ, ಗೆರೆ ಬಂದರೆ ಮಾತ್ರ ಆ ಬೂದಿಯನ್ನು ಗಿರಾಕಿಯ ಭಾಗಕ್ಕೆ ಹಚ್ಚುವುದು. ಹೊಸದು ಬರುವುದೂ ಅಪರೂಪವೇ. ಕೊಟ್ಟೂರಿನಿಂದ ಬಂಧುಗಳು ತರುವ ಗಟ್ಟಿ ವರ್ಷಗಟ್ಟಲೆ ಬಾಳುತ್ತದೆ.

ಸಾಕ್ಷಿಯನ್ನು ಒರೆಸುತ್ತಾರೆ. ಫ್ಯಾನಿನ ಗಾಳಿಗೆ ಹಿಡಿಯುತ್ತಾರೆ. ಬಟ್ಟೆಯ ಪುಟ್ಟ ಗಂಟಿನಿಂದ ಬೂದಿ ಉದುರಿಸುತ್ತಾರೆ. “ಈಗ ನೋಡ್ರಿ, ಇಲ್ಲಿ, ಈ ಜಾಗದಾಗ.” ನೋಡುತ್ತೇವೆ. ಗೆರೆ ಬರುವುದಿಲ್ಲ. ಅವರು ಟ್ಯೂಬ್‌ಲೈಟಿನ ಹತ್ತಿರ ಹೋಗುತ್ತಾರೆ. ಬೂದಿ ಎಲ್ಲ ಕಡೆ ಒಂದೇ ಬಣ್ಣಕ್ಕೆ, ತುಸು ಮಂಕಾಗಿ, ಮೆತ್ತಿಕೊಂಡಿದೆ. ಒರೆಸಿ ಮತ್ತೊಮ್ಮೆ ಉದುರಿಸುತ್ತಾರೆ. ಮತ್ತೆ ಅದೇ. ಡಬ್ಬಿಯಿಂದ ಚಿಟಿಕೆ ತೆಗೆದು ಎರಡು ಬೆರಳಿನ ನಡುವೆ ಉಜ್ಜುತ್ತಾರೆ. ಉಜ್ಜುವುದು ನಿಲ್ಲುತ್ತದೆ.

“ಸರ್ವೀ!”

ಮೇಲಿಂದ ಪಾತ್ರೆಯ ಸದ್ದು.

“ಈ ಡಬ್ಬಿಗೆ ಏನ್ ಹಾಕೀ?”

“ವಿಭೂತಿ. ಮತ್ತೇನ್ ರಾಗಿ ಹಿಟ್ಟು ಹಾಕ್ತೀನಾ?”

“ಎಲ್ಲೀದು?”

“ಟಿ. ನಗರದ್ದು. ಊರಿಂದು ಮುಗದಿತ್ತು. ಸೀರಿ ತರಾಕ ಹೋದಾಗ ತಂದೆ. ಗಂಧದೆಣ್ಣಿ ಹಾಕಿ ಮಾಡಿದ್ದಂತ, ವಾಸನಿ ನೋಡ್ರಿ ಎಷ್ಟು ಚಂದ ಐತಿ.”

“ವಾಸನಿ ನನಗೆಲ್ಲಿ ಬರ್ತತಿ!”

ಶೆಡ್ಡಿಗೆ ಕಾಲಿಟ್ಟ ಯಾರಿಗಾದರೂ ತಿಳಿಯುವ ಗಂಧ, ಮೂವತ್ತೈದು ವರ್ಷ ಸೀಮೆಎಣ್ಣೆ ಕುಡಿದ ಆ ಮೂಗಿಗೆ ತಿಳಿದಿಲ್ಲ. ಎಣ್ಣೆ ಬೆರೆತ ಬೂದಿ ಮೊದಲೇ ಒದ್ದೆ. ಬಿರುಕಿನಿಂದ ಬರುವ ಒದ್ದೆ ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ. ಹಳೆಯ ಡಬ್ಬಿ, ಅದೇ ಜಾಗ, ಅದೇ ಬಿಳಿ ಪುಡಿ. ಬೂದಿ ಬದಲಾಗಿದೆ ಎಂದು ಅವರಿಗೆ ಅನ್ನಿಸಿಲ್ಲ, ಸಾಕ್ಷಿಯ ಮೇಲೆ ಹಚ್ಚಿ ನೋಡಿಲ್ಲ.

“ಯಾವಾಗ ತುಂಬಿದ್ದು?”

“ಹೋದ ಸೋಮಾರದ ಹಿಂದಿನ ಸೋಮಾರ.”

ಆ ಸೋಮವಾರದ ನಂತರ ಈ ಬೂದಿಯಿಂದ ಪರೀಕ್ಷೆಯಾದದ್ದು ಒಂದೇ ಭಾಗ. ಎರಡನೆಯ ಮಹಾಯುದ್ಧದ ಕಾಲದ ಇಂಗ್ಲಿಷ್ ಬೈಕೊಂದರ ಮುಂದಿನ ಫೋರ್ಕ್, ಅಂದರೆ ಮುಂಚಕ್ರವನ್ನು ಹಿಡಿದು ನಿಲ್ಲಿಸುವ ಕವೆ. ‘ಒಂದು ಗೀರೂ ಇಲ್ಲ’ ಎಂದು ಕೊಟ್ರಪ್ಪ ಒಪ್ಪಿಗೆ ಕೊಟ್ಟರು, ಪುದುಪೇಟೆಯಲ್ಲಿ ಕಪ್ಪು ಬಣ್ಣ ಬಿತ್ತು, ಜೋಡಣೆಯಾಯಿತು. ಬೈಕು ನಿನ್ನೆ ಸಂಜೆ ಹೋಗಿದೆ. ಮಾಲೀಕ ವರುಣ್, ತಾಂಬರಂನಲ್ಲಿ ಮನೆ ಮಾಡಿರುವ ಮದ್ದೂರು ಕಡೆಯ ಇಂಜಿನಿಯರ್. ಬೈಕು ಅವನ ತಾತ ಹನುಮಂತಯ್ಯನವರದು, ಊರಿನ ಆಲೆಮನೆಯ ಹಿಂದೆ ತುಕ್ಕು ಹಿಡಿದು ಬಿದ್ದಿತ್ತು. ಇವತ್ತು ಭಾನುವಾರ. ಇವತ್ತು ಅವನು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ರಮೇಶನ ಗುಂಪಿನ ಜೊತೆ, ತಿರುವಾನ್ಮಿಯೂರಿನಿಂದ ಮಾಮಲ್ಲಪುರಕ್ಕೆ ಹೋಗುತ್ತಾನೆ. ಫೋರ್ಕಿನಲ್ಲಿ ಬಿರುಕಿದ್ದರೆ, ವೇಗದಲ್ಲಿ ಅದು ಮುರಿದರೆ, ಮುಂಚಕ್ರ ಕಳಚುತ್ತದೆ. ಆಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಮಗಳು ಶಿಲ್ಪಶ್ರೀ ನಿದ್ದೆಗಣ್ಣಿನಲ್ಲಿ ಮೆಟ್ಟಿಲ ಮೇಲೆ ಕೂತು ಫೋನ್ ಒತ್ತುತ್ತಾಳೆ. ಬ್ಯಾಂಕಿನಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ. “ಅಪ್ಪಾ, ಅವರ್ ಫೋನ್ ಎಡುಕ್ಕಲೈ ಪಾ.” ವರುಣ್ ಫೋನ್ ಎತ್ತುತ್ತಿಲ್ಲ.

“ಇನ್ನೊಮ್ಮೆ ಹಚ್ಚು.”

“ಪತ್ತು ವಾಟಿ ಪಣ್ಣಿಟ್ಟೇನ್.” ಹತ್ತು ಸಲ ಮಾಡಿದ್ದಾಳೆ, ರಮೇಶನೂ ಎತ್ತುತ್ತಿಲ್ಲ. ಗುಂಪಿನ ಪುಟ ತೆರೆದು ನೋಡುತ್ತಾಳೆ. “ಬೀಚ್ ಕಿಟ್ಟ ನಿಕ್ಕಿರಾಂಗ. ಫೋಟೊ ಪೋಟ್ಟಿರುಕ್ಕಾಂಗ. ಇನ್ನುಂ ಕಿಳಂಬಲೈ.” ಕಡಲ ಬಳಿ ನಿಂತ ಫೋಟೊ ಹಾಕಿದ್ದಾರೆ, ಇನ್ನೂ ಹೊರಟಿಲ್ಲ.

ಕೊಟ್ರಪ್ಪ ಆಗಲೇ ಸಾಕ್ಷಿಯ ಡಬ್ಬ, ಸೀಮೆಎಣ್ಣೆ ಬಾಟಲಿ, ಬಟ್ಟೆ, ಉಜ್ಜುಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದಾರೆ. ಸರ್ವಮಂಗಳಾ ಕೆಳಗೆ ಬಂದು ನಿಂತಿದ್ದಾರೆ. ಮುಖ ಇಳಿದಿದೆ, ಆದರೂ ತಲೆ ಓಡುತ್ತಿದೆ.

“ಬ್ರೇಕ್ ನೋಡ್ಬೇಕಿತ್ತು ಅಂತ ಹೇಳಿ ನಿಲ್ಲಸ್ರಿ. ಬೂದಿ ಸುದ್ದಿ ಯಾಕ ಎತ್ತೀರಿ? ಅಷ್ಟೂ ಮಂದಿ ಮುಂದ ಹೆಸರು ಹೋಗ್ತತಿ. ಆ ರಮೇಶ ಕಾರು ಕೊಡ್ತಾನೇನು ಆಮ್ಯಾಲೆ?”

ಕೊಟ್ರಪ್ಪ ಚೀಲದ ಬಾಯಿ ಕಟ್ಟುತ್ತಾರೆ.

“ತಪ್ಪು ನಂದಾ ಅಂತ ಹೇಳ್ರಿ ಬೇಕಾದ್ರ.”

“ಡಬ್ಬಿ ತುಂಬಿದ್ದು ನೀನು. ನೋಡ್ದಂಗ ಹಚ್ಚಿದ್ದು ನಾನು” ಎಂದು ಷಟರನ್ನು ಪೂರ್ತಿ ಎತ್ತುತ್ತಾರೆ.

ವಿಂಟೇಜ್ ಬೈಕುಗಳ ಈ ವೈದ್ಯರ ಸ್ವಂತ ವಾಹನ ಒಂದು ಮೊಪೆಡ್. ಸೀಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿದೆ. ನಮ್ಮ ಸ್ಕೂಟರಿನಲ್ಲಿ ಹಿಂಬಾಲಿಸುವುದೂ ಕಷ್ಟ, ಅಷ್ಟು ನುಗ್ಗುತ್ತಾರೆ. ಊರೆಲ್ಲ ಅಗೆದಿದೆ. ಒಂದು ತಗಡು ತಪ್ಪಿಸಿದರೆ ಇನ್ನೊಂದು ತಗಡು, ನಿನ್ನೆ ಇದ್ದ ತಿರುವು ಇವತ್ತಿಲ್ಲ. ಒಂದು ಕಡೆ ಬದಲಿ ದಾರಿ ತೋರಿಸುವ ಬಾಣದ ಗುರುತನ್ನು ನಂಬಿ ಹೋಗಿ ಮೀನು ಮಾರುಕಟ್ಟೆಯೊಳಗೆ ಸಿಕ್ಕಿಕೊಳ್ಳುತ್ತಾರೆ. ಬುಟ್ಟಿ ಹೊತ್ತ ಹೆಂಗಸು ಬೈಯುತ್ತಾಳೆ. ಕೆಂಪು ದೀಪವೊಂದರಲ್ಲಿ ಒಂದು ಕಾಲು ನೆಲಕ್ಕೆ ಕೊಟ್ಟು ನಿಂತಾಗ, ಕೇಳದಿದ್ದರೂ ಹೇಳುತ್ತಾರೆ: “ಬಿರುಕು ಇರಲಿಕ್ಕಿಲ್ಲ. ಕಬ್ಬಿಣ ಚಲೋ ಇತ್ತು. ಇರಲಿಕ್ಕಿಲ್ಲ.” ದೀಪ ಹಸಿರಾಗುವ ಮೊದಲೇ ಹೊರಡುತ್ತಾರೆ.

ತಿರುವಾನ್ಮಿಯೂರಿನ ಕಡಲ ಬದಿಯ ರಸ್ತೆ ತಲುಪುವಾಗ ಬೆಳಕು ಪೂರ್ತಿ ಹರಿದಿದೆ. ಹಳೆ ಬೈಕುಗಳು ಸಾಲಾಗಿ ನಿಂತಿವೆ, ಎಲ್ಲದರ ಎಂಜಿನ್ನೂ ನಡೆಯುತ್ತಿದೆ. ಚೆನ್ನೈಯ ಈ ಬೆವರಿನಲ್ಲೂ ಸವಾರರು ಚರ್ಮದ ಜಾಕೆಟ್ ಹಾಕಿದ್ದಾರೆ. ಮುಂದೆ ರಮೇಶ್ ಕೈಯೆತ್ತಿ ಹೊರಡುವ ಸನ್ನೆಗೆ ತಯಾರಾಗಿದ್ದಾನೆ. ಕೊಟ್ರಪ್ಪ ಯಾರಿಗೂ ನಮಸ್ಕಾರ ಹೇಳದೆ, ಮೊಪೆಡ್ಡಿಗೆ ಸ್ಟ್ಯಾಂಡ್ ಕೂಡ ಹಾಕದೆ ಗೋಡೆಗೆ ಒರಗಿಸಿ, ವರುಣನ ಬೈಕಿನ ಪಕ್ಕ ಬಗ್ಗಿ, ಬಟ್ಟೆ ಹಿಡಿದ ಕೈಯಿಂದ ಪ್ಲಗ್ಗಿನ ತಂತಿ ಕೀಳುತ್ತಾರೆ. ಎಂಜಿನ್ ಕೆಮ್ಮಿ ನಿಲ್ಲುತ್ತದೆ.

“ಏಯ್! ಏನಣ್ಣ ಮಾಡ್ತಿದೀರಾ?” ವರುಣ್ ಹೆಲ್ಮೆಟ್ ಕಿತ್ತು ಕೂಗುತ್ತಾನೆ.

“ಇಳೀರಿ. ಫೋರ್ಕ್ ನೋಡ್ಬೇಕು.”

“ನೋಡಿದೀನಿ ಅಂದ್ರಲ್ಲ! ಫೋನ್ ಮಾಡಿ ನೀವೇ ಹೇಳಿದ್ರಿ, ಒಂದ್ ಗೀರೂ ಇಲ್ಲ ಅಂತ.”

“ಹೇಳಿದ್ದು ಸುಳ್ಳಾತು. ಬೂದಿ ಸರಿ ಇರಲಿಲ್ಲ. ಬಿರುಕು ಇದ್ರೂ ಅದು ತೋರಸ್ತಿರಲಿಲ್ಲ. ನನ್ನ ತಪ್ಪು.”

ಅಷ್ಟರಲ್ಲಿ ರಮೇಶ್ ಬಂದಿದ್ದಾನೆ. ಬೂದಿ ಎಂಬ ಪದ ಅವನಿಗೆ ಅರ್ಥವಾಗಲಿಲ್ಲ. ಕೊಟ್ರಪ್ಪ ಅದನ್ನು ತಮಿಳಿನಲ್ಲಿ, ಎಲ್ಲರಿಗೂ ಕೇಳುವಂತೆ, ಮೊದಲಿಂದ ಹೇಳುತ್ತಾರೆ: ವಿಭೂತಿಯಿಂದ ನೋಡುತ್ತೇನೆ, ಈ ಸಲದ ವಿಭೂತಿ ಕೆಟ್ಟದ್ದು, ಹಚ್ಚುವ ಮೊದಲು ಪರೀಕ್ಷಿಸಬೇಕಿತ್ತು, ಪರೀಕ್ಷಿಸಲಿಲ್ಲ. ಬ್ರೇಕಿನ ಮಾತು ಎತ್ತುವುದಿಲ್ಲ. ಸಾಲಿನಲ್ಲಿ ಒಂದೊಂದೇ ಎಂಜಿನ್ ಆರುತ್ತದೆ, ಎಲ್ಲರೂ ಕೇಳಿಸಿಕೊಳ್ಳುತ್ತಾರೆ.

“ವಿಭೂತಿಯಾ?” ರಮೇಶ್ ನಗುತ್ತಾನೆ. “ಮಾಸ್ಟರ್, ನೀಂಗ ಮೆಕ್ಯಾನಿಕ್ಕಾ, ಸಾಮಿಯಾರಾ?” ನಗು ಸಾಲಿನುದ್ದಕ್ಕೂ ಹರಡುತ್ತದೆ. ಮೆಕ್ಯಾನಿಕ್ಕೋ ಸ್ವಾಮೀಜಿಯೋ ಎಂದು ಅವನ ಪ್ರಶ್ನೆ. ಕೊಟ್ರಪ್ಪ ಫೋರ್ಕ್ ನೋಡುತ್ತಿದ್ದಾರೆ.

ಹಿಂದಿನ ಸೀಟಿನಿಂದ ವರುಣನ ಹೆಂಡತಿ ತೇಜು ಇಳಿದಿದ್ದಾಳೆ.

“ತೇಜು, ಹತ್ತು. ಏನೂ ಆಗಲ್ಲ. ಎಲ್ರೂ ನೋಡ್ತಿದಾರೆ.”

“ನೋಡ್ಲಿ ಬಿಡಿ. ಬಿದ್ರೂ ನೋಡ್ತಾರೆ.”

“ಮಾಮಲ್ಲಪುರ ಏನ್ ದೂರಾನಾ? ನಿಧಾನಕ್ಕೆ ಹೋಗ್ತೀನಿ ಅಂದ್ನಲ್ಲ.”

“ನೀವು ನಿಧಾನಕ್ಕೆ ಹೋಗಿ. ನಾನು ಆಟೋದಲ್ಲಿ ಬೇಗ ಹೋಗಿರ್ತೀನಿ.”

ಯಾರೋ ಗಡಿಯಾರ ನೋಡಿಕೊಳ್ಳುತ್ತಾರೆ. ರಮೇಶ್ ತನ್ನ ಬೈಕಿನತ್ತ ತಿರುಗುತ್ತಾನೆ. ಹೋಗುತ್ತಾ, ದನಿ ಏರಿಸದೆ, ಕೊಟ್ರಪ್ಪನವರಿಗೆ ಹೇಳುತ್ತಾನೆ: “ಕಾರ್ ವಿಷಯಂ ಅಪ್ಪುರಂ ಪೇಸಲಾಂ, ಮಾಸ್ಟರ್.” ಕಾರಿನ ವಿಷಯ ಆಮೇಲೆ ಮಾತಾಡೋಣ. ಚೆನ್ನೈಯಲ್ಲಿ ವ್ಯಾಪಾರ ಮಾಡಿದ ಯಾರಿಗೂ ಈ ‘ಆಮೇಲೆ’ಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕೊಟ್ರಪ್ಪ “ಸರಿ ಸಾರ್” ಎನ್ನುತ್ತಾರೆ. ಸಾಲು ಗುಡುಗಿಕೊಂಡು ಹೊರಡುತ್ತದೆ. ಹೊಗೆ ತಿಳಿಯಾದಾಗ ರಸ್ತೆಯಲ್ಲಿ ಉಳಿದದ್ದು ಒಂದು ಹಳೆ ಬೈಕು, ಒಂದು ಮೊಪೆಡ್, ನಮ್ಮ ಸ್ಕೂಟರ್, ಗಂಡ ಹೆಂಡತಿ, ಮತ್ತು ಆಗಲೇ ನೆಲಕ್ಕೆ ಮಂಡಿಯೂರಿರುವ ಕೊಟ್ರಪ್ಪ.

ಬಣ್ಣದ ಮೇಲೆ ಬಿರುಕು ಹುಡುಕಲಾಗದು. ಫೋರ್ಕಿನ ಮೇಲ್ತುದಿಯ ಎರಡು ಕೀಲುಗಳ ಸುತ್ತ ಬಣ್ಣ ಕೆರೆಯಬೇಕು, ಮುರಿಯುವುದಾದರೆ ಅಲ್ಲೇ ಮುರಿಯುತ್ತದೆ. ಉಜ್ಜುಕಾಗದ ತಾಗಿದಾಗ ವರುಣ್ ತನ್ನ ಚರ್ಮವನ್ನೇ ಕೆರೆದಂತೆ ಮುಖ ಹಿಂಡುತ್ತಾನೆ. “ನಿಧಾನ ಅಣ್ಣ... ಅಯ್ಯೋ, ಅಷ್ಟೊಂದು ಬೇಡ.” ಕನ್ನಡಿಯಂತೆ ಹೊಳೆಯುತ್ತಿದ್ದ ಕಪ್ಪಿನ ನಡುವೆ ಕಬ್ಬಿಣದ ಬೂದು ಮೈ ಬಯಲಾಗುತ್ತದೆ. ಅಲ್ಲಿಗೆ ಸೀಮೆಎಣ್ಣೆಯ ಬಟ್ಟೆ ಸುತ್ತುತ್ತಾರೆ. ರಾತ್ರಿಯಿಡೀ ನೆನೆಸಲು ಸಮಯವಿಲ್ಲ. “ಗಾಡಿ ಮ್ಯಾಲೆ ಕುಂತು ಜಿಗೀರಿ” ಎಂದು ವರುಣನಿಗೆ ಹೇಳುತ್ತಾರೆ. ಭಾರ ಬಿದ್ದಾಗ ಬಿರುಕು ಬಾಯಿ ಬಿಡುತ್ತದೆ, ಎಣ್ಣೆ ಒಳಗಿಳಿಯುತ್ತದೆ. ಚರ್ಮದ ಜಾಕೆಟ್ಟಿನ ಇಂಜಿನಿಯರ್ ನಿಂತ ಬೈಕಿನ ಮೇಲೆ ಕುದುರೆಯಾಟದ ಮಗುವಿನಂತೆ ಜಿಗಿಯುತ್ತಾನೆ. ಬೆಳಗಿನ ನಡಿಗೆಗೆ ಬಂದವರು ನಿಂತು ನೋಡುತ್ತಾರೆ. ತೇಜು ಫೋನ್ ತೆಗೆದು ವಿಡಿಯೊ ಮಾಡುತ್ತಾಳೆ.

“ಡಿಲೀಟ್ ಮಾಡು.”

“ಜಿಗೀರಿ ಜಿಗೀರಿ, ಅಂಕಲ್ ನೋಡ್ತಿದಾರೆ.”

ಪುಡಿ? ಗಂಧದ ವಿಭೂತಿಯನ್ನು ಅವರು ಶೆಡ್ಡಿನಲ್ಲೇ ಬಿಟ್ಟು ಬಂದಿದ್ದಾರೆ. ಪಕ್ಕದ ಗಲ್ಲಿಗೆ ಓಡುತ್ತಾರೆ. ಅಲ್ಲೊಬ್ಬಾಕೆ ಮನೆ ಮುಂದೆ ನೀರು ಚಿಮುಕಿಸಿ ಕೋಲಮ್ ಹಾಕುತ್ತಿದ್ದಾಳೆ. ಒಂದು ಹಿಡಿ ಪುಡಿ ಕೇಳುತ್ತಾರೆ, ಅಕ್ಕಿ ಹಿಟ್ಟೋ ಕಲ್ಲಿನ ಪುಡಿಯೋ ಎಂದು ವಿಚಾರಿಸುತ್ತಾರೆ. ಕಲ್ಲಿನದು. ಯಾತಕ್ಕೆ? ಬೈಕಿಗೆ. “ಎನ್ನಣ್ಣಾ, ವಂಡಿಕ್ಕು ಕೋಲಮಾ?” ಗಾಡಿಗೆ ರಂಗೋಲಿಯಾ ಎಂದು ಆಕೆ ನಗುತ್ತಾ ಪೇಪರಿನಲ್ಲಿ ಎರಡು ಹಿಡಿ ಕಟ್ಟಿ ಕೊಡುತ್ತಾಳೆ.

ಈ ಸಲ ಅವರು ನೇರವಾಗಿ ಫೋರ್ಕಿಗೆ ಹೋಗುವುದಿಲ್ಲ. ಕಲ್ಲುಕಟ್ಟೆಯ ಮೇಲೆ ಸಾಕ್ಷಿಯನ್ನಿಟ್ಟು ಒರೆಸಿ, ಆರಿಸಿ, ರಂಗೋಲಿ ಪುಡಿಯನ್ನು ಬಟ್ಟೆಯಿಂದ ಉದುರಿಸುತ್ತಾರೆ. ಮೂವರ ತಲೆಯೂ ಒಟ್ಟಿಗೆ ಬಗ್ಗುತ್ತದೆ. ಬಿಳಿಯ ನಡುವೆ ಒಂದು ಕೂದಲೆಳೆ ಒದ್ದೆಯಾಗಿ ಏಳುತ್ತದೆ, ಸೊಟ್ಟಗೆ, ಬೆರಳಿನಷ್ಟು ಉದ್ದ.

“ಓ” ಎನ್ನುತ್ತಾಳೆ ತೇಜು. ವರುಣ್ ತಾನು ಕೂತಿದ್ದ ಬೈಕಿನ ಕಡೆ ತಿರುಗಿ ನೋಡುತ್ತಾನೆ.

ಫೋರ್ಕಿನ ಬಟ್ಟೆ ಬಿಚ್ಚುತ್ತಾರೆ. ಒರೆಸುತ್ತಾರೆ. ಕಡಲ ಗಾಳಿ ಜೋರಿದೆ, ಪುಡಿ ಹಾರದಂತೆ ವರುಣ್ ಜಾಕೆಟ್ ಬಿಚ್ಚಿ ಅಡ್ಡ ಹಿಡಿಯುತ್ತಾನೆ. ಎಡಗಡೆಯ ಕೀಲಿಗೆ ಪುಡಿ ಬೀಳುತ್ತದೆ. ಕೊಟ್ರಪ್ಪ ಎದ್ದು ನಾಲ್ಕು ಹೆಜ್ಜೆ ಹೋಗುತ್ತಾರೆ, ಬರುತ್ತಾರೆ, ಬಗ್ಗಿ ನೋಡುತ್ತಾರೆ, ಮತ್ತೆ ಹೋಗುತ್ತಾರೆ. ಗೆರೆಯಿಲ್ಲ. ಬಲಗಡೆ. ಮತ್ತೆ ಅದೇ ಓಡಾಟ. ವರುಣನನ್ನು ಇನ್ನೊಮ್ಮೆ ಕೂರಿಸಿ ಜಿಗಿಸುತ್ತಾರೆ, ಪುಡಿಯ ಮೇಲೇ ಕಣ್ಣಿಟ್ಟು. ಬಿಳಿ ಬಿಳಿಯಾಗಿಯೇ ಇದೆ. ಬೆಸುಗೆಯ ಕೆಳಗೂ ಒಂದಿಷ್ಟು ಕೆರೆದು ಅಲ್ಲೂ ನೋಡುತ್ತಾರೆ. ಅಲ್ಲೂ ಇಲ್ಲ.

“ಏನೂ ಇಲ್ವಲ್ಲ” ಎನ್ನುತ್ತಾನೆ ವರುಣ್.

“ಇಲ್ಲ.”

“ಹಂಗಾದ್ರೆ ಇಷ್ಟೆಲ್ಲ ಸುಮ್ನೆ? ಪೇಂಟ್ ಹೋಯ್ತು, ರೈಡ್ ಹೋಯ್ತು.”

“ಹೂಂ. ಸುಮ್ನ.” ಬಟ್ಟೆಯನ್ನು ಹಿಂಡಿ ಚೀಲಕ್ಕೆ ಹಾಕುತ್ತಾರೆ. “ಬಣ್ಣ ನಾ ಹೊಡಸಿ ಕೊಡ್ತೀನಿ.”

ಬಿರುಕು ಸಿಕ್ಕಿದ್ದರೆ ರಮೇಶನ ನಗು ಬಾಯಲ್ಲೇ ಇಂಗುತ್ತಿತ್ತು, ಕಾರೂ ಬರುತ್ತಿತ್ತು. ಈಗ ಸಂಜೆಯೊಳಗೆ ಗುಂಪಿನ ಫೋನುಗಳಲ್ಲೆಲ್ಲ ಬೂದಿ ಸ್ವಾಮಿಯ ಕತೆ ಓಡಾಡುತ್ತದೆ. ಇದನ್ನು ಅವರಿಗೆ ಹೇಳಿದಾಗ ಕೊಟ್ರಪ್ಪ ಕೈ ಒರೆಸಿಕೊಳ್ಳುತ್ತಾ ಒಂದು ಗಳಿಗೆ ನಿಲ್ಲುತ್ತಾರೆ. ಬೆಳಗಿನಿಂದ ಅವರು ತಾವಾಗಿ ಓಡಾಟ ನಿಲ್ಲಿಸಿದ್ದು ಇದೇ ಮೊದಲು.

“ಸಿಕ್ಕಿದ್ರ ನಾ ದೊಡ್ಡ ಮನಷ್ಯ ಆಗ್ತಿದ್ದೆ. ನಿಮಗೂ ಬರಿಯಾಕ ಚಲೋ ಇತ್ತು. ಆದ್ರ ಈ ಹುಡುಗ ನಿನ್ನಿ ಸಂಜಿ ಪೆರಂಬೂರಿಂದ ತಾಂಬರಂ ತನಕ ಇದರ ಮ್ಯಾಲಾ ಹೋಗ್ಯಾನಲ್ಲ, ಬಿರುಕು ಇತ್ತು ಅಂತಾಗಿದ್ರ ಅದನ್ನ ನೆನಿಸಿ ನೆನಿಸಿ ನಾ ಇನ್ನ ಮಲಗ್ತಿದ್ದಿಲ್ಲ. ಕಾರು ಹೋಗ್ಲಿ.”

ವರುಣ್ ಪ್ಲಗ್ಗಿನ ತಂತಿ ಸಿಕ್ಕಿಸಿ ಕಿಕ್ ಹೊಡೆಯುತ್ತಾನೆ. ಎರಡನೆಯ ಒದೆತಕ್ಕೆ ಎಂಜಿನ್ ಹಿಡಿಯುತ್ತದೆ. ಫೋರ್ಕಿನ ಮೇಲ್ತುದಿ ಬೋಳಾಗಿದೆ, ರಂಗೋಲಿ ಪುಡಿ ಅಲ್ಲಲ್ಲಿ ಮೆತ್ತಿಕೊಂಡಿದೆ. ನೋಡಲು ಚೆನ್ನಾಗಿಲ್ಲ. “ಬಾ, ಇನ್ನೂ ಹಿಡೀಬಹುದು ಅವರನ್ನ” ಎನ್ನುತ್ತಾನೆ. ತೇಜು ಹತ್ತುವುದಿಲ್ಲ. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ರಪ್ಪನವರ ಕಡೆ ನೋಡುತ್ತಾಳೆ.

“ಅಂಕಲ್, ನಿಮ್ ಮಗಳನ್ನ ಕೂರಿಸ್ತೀರಾ ಇದರ ಮೇಲೆ?”

ಕೊಟ್ರಪ್ಪ ಬೈಕಿನ ಸುತ್ತ ಒಂದು ಸಲ ಹೋಗಿ ಬರುತ್ತಾರೆ. ಹ್ಯಾಂಡಲ್ ಹಿಡಿದು ಮುಂಭಾಗವನ್ನು ಬಲವಾಗಿ ಕೆಳಗೊತ್ತಿ ಬಿಡುತ್ತಾರೆ. ಬರಿ ಕಬ್ಬಿಣದ ಮೇಲೆ ಹೆಬ್ಬೆರಳು ಆಡಿಸುತ್ತಾರೆ.

“ನಿನ್ನಿ ಕೇಳಿದ್ರೂ ಕೂರಸ್ತೀನಿ ಅಂತಿದ್ದೆ, ತಾಯಿ. ಇವತ್ತು ನೋಡಿ ಹೇಳಾಕತ್ತೀನಿ. ಹತ್ತು.”

ತೇಜು ಹೆಲ್ಮೆಟ್ ಹಾಕಿಕೊಂಡು ಹತ್ತುತ್ತಾಳೆ.